ಮ್ಯಾಕ್‌ಬೆತ್‌ನ ನೈತಿಕ ಪತನ: ಉತ್ತರ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಮೇಲೆ ಕೇಳುವ ‘ಮ್ಯಾಕ್‌ಬೆತ್‌ನ ನೈತಿಕ ಪತನವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಒಳ್ಳೆಯ ವೀರನಿದ್ದ, ಮಾಟಗಾತಿಯರು ಆಸೆ ಹುಟ್ಟಿಸಿದರು, ಹೆಂಡತಿ ಕುಮ್ಮಕ್ಕು ಕೊಟ್ಟಳು, ರಾಜನನ್ನು ಕೊಂದ, ಕೊನೆಗೆ ತಾನೂ ಸತ್ತ. ಇದರಲ್ಲಿ ಸುಳ್ಳೇನಿಲ್ಲ, ಆದರೆ ಇದು ಕಥಾಸಾರ. ಅರ್ಧ ಅಂಕ ಸಿಕ್ಕರೆ ಹೆಚ್ಚು.

ಪ್ರಶ್ನೆ ಕೇಳುತ್ತಿರುವುದು ಬೇರೆ. ಮೊದಲ ಕೊಲೆಗೆ ಮುಂಚೆ ಅಷ್ಟೊಂದು ತೊಳಲಾಡಿದ ಮನುಷ್ಯ, ಕೊನೆಯ ಕೊಲೆಯನ್ನು ಒಂದೇ ಉಸಿರಿನಲ್ಲಿ ನಿರ್ಧರಿಸುವಂತಾದದ್ದು ಹೇಗೆ? ಯೋಚನೆಗೂ ಕೈಗೂ ನಡುವೆ ಇದ್ದ ಬಿಡುವು ದೃಶ್ಯದಿಂದ ದೃಶ್ಯಕ್ಕೆ ಕಿರಿದಾಗುತ್ತ ಹೋಗುತ್ತದೆ. ಆ ಬಿಡುವನ್ನು ಅಳೆದು ತೋರಿಸಿದರೆ ಉತ್ತರ ತಾನಾಗಿ ನಿಲ್ಲುತ್ತದೆ. ಅಳೆಯುವ ಕ್ರಮ ಕೆಳಗಿದೆ.

## ಶುರುಮಾಡುವ ಮುನ್ನ ಬೇಕಾದವು

ಸಾಲುಗಳಿಗೆ ಸಂಖ್ಯೆ ಇರುವ ಮೂಲ ಪಠ್ಯ, ಎರಡು ಬಣ್ಣದ ಪೆನ್ಸಿಲ್, ಖಾಲಿ ಹಾಳೆ ಎರಡು. ಡಿ.ವಿ.ಜಿ. ಅವರ ಕನ್ನಡ ಅನುವಾದ ಸಿಕ್ಕರೆ ಪಕ್ಕದಲ್ಲಿಟ್ಟುಕೊಳ್ಳಿ. ಉದ್ದನೆಯ ಸ್ವಗತಗಳ ಜಾಡು ಹಿಡಿಯಲು ಅದು ನೆರವಾಗುತ್ತದೆ. ಟಿಪ್ಪಣಿಯಲ್ಲಿ ಮಾತ್ರ ಮೂಲದ ಅಂಕ, ದೃಶ್ಯಗಳನ್ನೇ ಬರೆದುಕೊಳ್ಳಿ. ಸಾಮಾನ್ಯ ವಿಂಗಡಣೆಯಂತೆ ನಾಟಕದಲ್ಲಿ 28 ದೃಶ್ಯಗಳಿವೆ. ಕೆಲವು ಆವೃತ್ತಿಗಳು ಐದನೇ ಅಂಕದ ಕೊನೆಯನ್ನು ಇನ್ನಷ್ಟು ಒಡೆಯುತ್ತವೆ, ಹಾಗಾಗಿ ನಿಮ್ಮ ಪಠ್ಯದ ಸಂಖ್ಯೆ ಒಂದೆರಡು ಆಚೀಚೆ ಆದರೆ ಗಾಬರಿ ಬೇಡ. ಈ ಬರಹದಲ್ಲಿ 1.7 ಎಂದರೆ ಒಂದನೇ ಅಂಕ, ಏಳನೇ ದೃಶ್ಯ.

ಗೈಡುಗಳನ್ನು ಕೊನೆಗೆ ನೋಡಿ. ಮೊದಲೇ ತೆರೆದರೆ ‘ಮಹತ್ವಾಕಾಂಕ್ಷೆ’ ಎಂಬ ಒಂದು ಪದ ತಲೆಯಲ್ಲಿ ಕೂತು, ಮೂರನೇ ಅಂಕದಿಂದಾಚೆ ಕಣ್ಣಿಗೆ ಬೇರೇನೂ ಬೀಳುವುದಿಲ್ಲ. ಷೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಇದು. ಎರಡು ಸಲ ಪೂರ್ತಿ ಓದುವುದು ದೊಡ್ಡ ಕೆಲಸವಲ್ಲ.

## ಹಂತ 1: ಬೀಳುವ ಮೊದಲಿನ ಎತ್ತರವನ್ನು ಗುರುತಿಸಿ

ಮ್ಯಾಕ್‌ಬೆತ್ ರಂಗಕ್ಕೆ ಬರುವ ಮೊದಲೇ ಅವನ ಹೆಸರು ಬರುತ್ತದೆ. 1.2ರಲ್ಲಿ ಗಾಯಗೊಂಡ ಸೈನಿಕನೊಬ್ಬ ಬಂದು, ದಂಗೆಕೋರ ಮ್ಯಾಕ್‌ಡೊನ್ವಾಲ್ಡ್‌ನನ್ನು ಮ್ಯಾಕ್‌ಬೆತ್ ಹೊಕ್ಕುಳಿನಿಂದ ದವಡೆಯವರೆಗೆ ಸೀಳಿ, ತಲೆಯನ್ನು ಕೋಟೆಯ ಮೇಲೆ ನೆಟ್ಟ ಎಂದು ವರ್ಣಿಸುತ್ತಾನೆ. ರಾಜ ಡಂಕನ್ ಅದನ್ನು ಕೇಳಿ ಹೊಗಳುತ್ತಾನೆ. ಹೀಗಾಗಿ ‘ಮುಗ್ಧನಾಗಿದ್ದ ಮ್ಯಾಕ್‌ಬೆತ್’ ಎಂದು ಬರೆಯಬೇಡಿ. ಕೊಲ್ಲುವುದು ಅವನ ಕಸುಬು, ರಾಜನಿಗಾಗಿ ಕೊಲ್ಲುವಷ್ಟು ಹೊತ್ತು ಅದಕ್ಕೆ ಶೌರ್ಯ ಎಂದು ಹೆಸರು.

ಅವನ ನಿಜವಾದ ಎತ್ತರ ಇರುವುದು ಕತ್ತಿಯಲ್ಲಲ್ಲ, ಕಲ್ಪನಾಶಕ್ತಿಯಲ್ಲಿ. ಮಾಡದ ತಪ್ಪಿನ ಚಿತ್ರ ಕಣ್ಣೆದುರು ಬಂದರೆ ಸಾಕು, ಅವನ ಕೂದಲು ನಿಮಿರುತ್ತದೆ (1.3). ಇಂಥ ಮನುಷ್ಯನಿಗೆ ತಾನು ಮಾಡುತ್ತಿರುವುದು ಪಾಪವೆಂದು ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ‘ಗೊತ್ತಿದ್ದೂ ಮಾಡಿದ’ ಎಂಬ ಎರಡು ಪದಗಳನ್ನು ಮೊದಲ ಹಾಳೆಯ ನೆತ್ತಿಯ ಮೇಲೆ ಬರೆದಿಡಿ. ಮುಂದಿನ ಎಲ್ಲ ಹಂತಕ್ಕೂ ಇದೇ ತಳಪಾಯ.

## ಹಂತ 2: ಬಯಕೆ ಕೊಲೆಯಾಗಿ ತಿರುಗುವ ಜಾಗಗಳನ್ನು ಹುಡುಕಿ

ಒಂದನೇ ಅಂಕದ ನಾಲ್ಕು ದೃಶ್ಯಗಳನ್ನು (1.3, 1.4, 1.5, 1.7) ಬಿಡಿಬಿಡಿಯಾಗಿ ಓದಿ. ಆಸೆಯ ಮಾತಿಗೆ ಒಂದು ಬಣ್ಣ, ಅಳುಕಿನ ಮಾತಿಗೆ ಇನ್ನೊಂದು ಬಣ್ಣ ಹಚ್ಚಿ.

1.3. ಮಾಟಗಾತಿಯರು ಮೂರು ಹೆಸರಿಂದ ಕರೆಯುತ್ತಾರೆ: ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ರಾಜನಾಗುವವನು. ‘ಕೊಲ್ಲು’ ಎಂದು ಅವರು ಎಲ್ಲಿಯೂ ಹೇಳುವುದಿಲ್ಲ. ಕೊಲೆಯ ಚಿತ್ರ ಬರುವುದು ಮ್ಯಾಕ್‌ಬೆತ್‌ನ ತಲೆಯೊಳಗಿಂದಲೇ. ಪಕ್ಕದಲ್ಲೇ ನಿಂತ ಜೊತೆಯ ಸೇನಾನಿ ಬ್ಯಾಂಕೋ ಕೂಡ ಭವಿಷ್ಯ ಕೇಳಿದವನು, ಅವನ ಸಂತಾನ ರಾಜರಾಗುತ್ತದಂತೆ. ಕತ್ತಲೆಯ ಶಕ್ತಿಗಳು ಸಣ್ಣ ನಿಜ ಹೇಳಿ ನಂಬಿಸಿ ದೊಡ್ಡದರಲ್ಲಿ ಕೈಕೊಡುತ್ತವೆ ಎಂದು ಅವನು ಅಲ್ಲೇ ಎಚ್ಚರಿಸುತ್ತಾನೆ. ಒಂದೇ ಮಾತು ಇಬ್ಬರ ಕಿವಿಗೆ ಬಿದ್ದು, ಇಬ್ಬರಲ್ಲಿ ಬೇರೆ ಬೇರೆ ಕೆಲಸ ಮಾಡಿತು. ಉತ್ತರದಲ್ಲಿ ಇದಕ್ಕೆ ಮೂರು ಸಾಲು ಕೊಡಿ. ಷೇಕ್ಸ್‌ಪಿಯರ್ ಆಧರಿಸಿದ ಹೋಲಿನ್‌ಶೆಡ್‌ನ ಇತಿಹಾಸದಲ್ಲಿ ಬ್ಯಾಂಕೋ ಸಂಚಿನಲ್ಲಿ ಪಾಲುದಾರ. ನಾಟಕದಲ್ಲಿ ಅವನನ್ನು ಹೊರಗಿಟ್ಟದ್ದರಿಂದ ಮ್ಯಾಕ್‌ಬೆತ್‌ಗೆ ಒಂದು ನೆಪ ಕಡಿಮೆಯಾಯಿತು.

ಇದೇ ದೃಶ್ಯದಲ್ಲಿ ‘ಅದೃಷ್ಟವಿದ್ದರೆ ನಾನು ಅಲುಗಾಡದೆಯೇ ಕಿರೀಟ ಬರಲಿ’ ಎಂದೂ ಅವನು ಅಂದುಕೊಳ್ಳುತ್ತಾನೆ. ಇದು ಅಳುಕಿನ ಬಣ್ಣದ ಸಾಲು, ಮರೆಯಬೇಡಿ.

1.4. ಡಂಕನ್ ತನ್ನ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿಯೆಂದು ಸಾರುತ್ತಾನೆ. ಸುಮ್ಮನೆ ಕಾಯುವ ದಾರಿ ಮುಚ್ಚಿತು. ಆಗಲೇ ‘ನಕ್ಷತ್ರಗಳೇ, ನಿಮ್ಮ ಬೆಂಕಿ ಮುಚ್ಚಿಕೊಳ್ಳಿ’ ಎಂಬ ಮಾತು. ಕೈ ಮಾಡುವುದನ್ನು ಕಣ್ಣು ನೋಡದಿರಲಿ ಎಂಬುದು ಅವನ ಬೇಡಿಕೆ. ಲೇಡಿ ಮ್ಯಾಕ್‌ಬೆತ್ ಇನ್ನೂ ರಂಗಕ್ಕೇ ಬಂದಿಲ್ಲ ಎಂಬುದನ್ನು ಅಂಚಿನಲ್ಲಿ ಬರೆದುಕೊಳ್ಳಿ.

1.5. ಹೆಂಡತಿಗೆ ಅವನ ಸ್ವಭಾವ ಗೊತ್ತು, ಮನುಷ್ಯತ್ವದ ಹಾಲು ಹೆಚ್ಚಾಯಿತು ಎನ್ನುತ್ತಾಳೆ. ಅವನ ಉತ್ತರ ಒಂದೇ ಸಾಲು, ‘ಆಮೇಲೆ ಮಾತಾಡೋಣ’. ಬೇಡ ಎಂದಿಲ್ಲ.

1.7. ಇಲ್ಲಿ ನಿಲ್ಲಿ. ಇಡೀ ಉತ್ತರದ ಅರ್ಧ ಸತ್ವ ಈ ದೃಶ್ಯದಲ್ಲಿದೆ, ಹೆಚ್ಚಿನವರು ಎಡವುವುದೂ ಇಲ್ಲೇ. ಸ್ವಗತದಲ್ಲಿ ಕಾರಣಗಳು ಬರುವ ಅನುಕ್ರಮವನ್ನು ಗಮನಿಸಿ. ಮೊದಲು ಬರುವುದು ಪರಿಣಾಮದ ಭಯ: ರಕ್ತದ ಪಾಠ ಕಲಿಸಿದವನಿಗೇ ಅದು ತಿರುಗಿ ಬರುತ್ತದೆ, ತೀರ್ಪು ಇಲ್ಲೇ ಆಗುತ್ತದೆ. ಎರಡನೆಯದು ಸಂಬಂಧ: ಡಂಕನ್ ತನ್ನ ಬಂಧು, ತನ್ನ ರಾಜ, ಈಗ ತನ್ನ ಮನೆಯ ಅತಿಥಿ. ಬಾಗಿಲು ಹಾಕಿ ಕಾಯಬೇಕಾದವನು ತಾನು. ಮೂರನೆಯದು ಡಂಕನ್‌ನ ಒಳ್ಳೆಯತನ, ಜೊತೆಗೆ ಹಸುಗೂಸಿನಂತೆ ಬರುವ ಕರುಣೆಯ ಚಿತ್ರ. ಕೊನೆಗೆ, ತನ್ನ ಕಡೆ ಇರುವುದು ಎಗರಿ ಆಚೆ ಬೀಳುವ ಮಹತ್ವಾಕಾಂಕ್ಷೆ ಒಂದೇ ಎಂಬ ಒಪ್ಪಿಗೆ. ಭಯದಿಂದ ಶುರುವಾದ ಯೋಚನೆ ಧರ್ಮದ ವಿಚಾರಕ್ಕೆ ಬಂದು ಮುಟ್ಟುತ್ತದೆ. ‘ಅವನು ಹೆದರಿದ್ದ ಅಷ್ಟೇ’ ಎಂದು ಬರೆಯುವವರು ಸ್ವಗತದ ಮೊದಲ ಭಾಗವನ್ನಷ್ಟೇ ಓದಿರುತ್ತಾರೆ.

ಈಗ ಹೆಂಡತಿ ಬರುತ್ತಾಳೆ. ‘ಇನ್ನು ಮುಂದುವರಿಯುವುದು ಬೇಡ’ ಎನ್ನುವ ಮ್ಯಾಕ್‌ಬೆತ್ ಕೊಡುವ ಕಾರಣವೇನು? ರಾಜ ಈಚೆಗೆ ಗೌರವ ಕೊಟ್ಟಿದ್ದಾನೆ, ಜನ ಹೊಗಳುತ್ತಿದ್ದಾರೆ, ಆ ಹೊಸ ಹೊಳಪನ್ನು ಇಷ್ಟು ಬೇಗ ಬಿಸಾಡುವುದೇಕೆ. ಬಂಧು, ಅತಿಥಿ, ಕರುಣೆ, ಒಂದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನೈತಿಕ ಕಾರಣಗಳನ್ನು ನುಂಗಿಕೊಂಡು ಮರ್ಯಾದೆಯ ಕಾರಣವನ್ನು ಮುಂದಿಟ್ಟ. ಆದ್ದರಿಂದ ಅವಳು ತಿರುಗೇಟು ಕೊಡುವುದೂ ಮರ್ಯಾದೆಯ ಮೇಲೆಯೇ: ನೀನು ಗಂಡಸೇ? ಸ್ವಲ್ಪ ಹೊತ್ತಿಗೆ ಅವನ ಪ್ರಶ್ನೆ ‘ಸೋತರೆ?’ ಎಂದಾಗುತ್ತದೆ. ಸರಿಯೇ ತಪ್ಪೇ ಎಂದು ಕೇಳುತ್ತಿದ್ದವನು, ಆಗುತ್ತದೆಯೇ ಇಲ್ಲವೇ ಎಂದು ಕೇಳತೊಡಗಿದ. ಈ ಹೊರಳನ್ನು ಹಿಡಿದವರ ಉತ್ತರ ಬೇರೆಯವರದಕ್ಕಿಂತ ಮೇಲೆ ನಿಲ್ಲುತ್ತದೆ.

## ಹಂತ 3: ನಾಲ್ಕು ಕೊಲೆ, ಐದು ಪ್ರಶ್ನೆ

ಎರಡನೇ ಹಾಳೆಯಲ್ಲಿ ಕೋಷ್ಟಕ ಎಳೆಯಿರಿ. ಅಡ್ಡಸಾಲಿಗೊಂದು ಕೊಲೆ: ಡಂಕನ್, ಅವನ ಇಬ್ಬರು ಕಾವಲಿನವರು, ಬ್ಯಾಂಕೋ, ಫೈಫ್‌ನ ಒಡೆಯ ಮ್ಯಾಕ್‌ಡಫ್‌ನ ಕುಟುಂಬ. ಕಂಬಸಾಲಿಗೊಂದು ಪ್ರಶ್ನೆ: ಎಷ್ಟು ಯೋಚಿಸಿದ? ಯಾರ ಕೈ? ಏನು ಲಾಭ? ಹೆಂಡತಿಗೆ ಗೊತ್ತಿತ್ತೇ? ಆಮೇಲೆ ಏನನ್ನಿಸಿತು? 5.7ರಲ್ಲಿ ಸಾಯುವ ಯುವಕ ಸಿವಾರ್ಡ್‌ನನ್ನು ಸೇರಿಸಬೇಡಿ, ಅದು ಯುದ್ಧ.

ಡಂಕನ್ (2.2). ಯೋಚನೆ 1.3ರಿಂದ 2.1ರವರೆಗೆ. ಕೊನೆಯ ಗಳಿಗೆಯಲ್ಲೂ ಗಾಳಿಯಲ್ಲಿ ಕಠಾರಿ ಕಾಣುತ್ತದೆ. ಕೈ ಅವನದೇ. ಲಾಭ ಸಿಂಹಾಸನ. ಹೆಂಡತಿ ಪೂರ್ಣ ಪಾಲುದಾರಳು. ಆಮೇಲೆ? ಯಾರೋ ‘ದೇವರು ಕಾಪಾಡಲಿ’ ಎಂದಾಗ ‘ಆಮೆನ್’ ಗಂಟಲಲ್ಲೇ ಸಿಕ್ಕಿಕೊಂಡಿತು. ನಿದ್ದೆಯನ್ನೇ ಕೊಂದೆ ಎಂಬ ಧ್ವನಿ ಕೇಳಿತು. ರಕ್ತದ ಕಠಾರಿಗಳನ್ನು ಅಲ್ಲಿಡದೆ ಹಿಡಿದುಕೊಂಡೇ ಬಂದಿದ್ದಾನೆ, ಮತ್ತೆ ಒಳಗೆ ಹೋಗಲು ಧೈರ್ಯವಿಲ್ಲ. ಬಾಗಿಲು ಬಡಿದಾಗ, ಆ ಸದ್ದಿಗೆ ಡಂಕನ್ ಏಳುವಂತಿದ್ದರೆ ಎಂದು ಹಂಬಲಿಸುತ್ತಾನೆ.

ಕಾವಲಿನವರು (2.3). ಹೆಚ್ಚಿನ ಉತ್ತರಗಳಲ್ಲಿ ಈ ಸಾಲೇ ಇರುವುದಿಲ್ಲ, ಪತನದ ಮೊದಲ ಜಾರು ಇರುವುದೋ ಇಲ್ಲಿಯೇ. ಹೆಂಡತಿಯ ಯೋಜನೆಯಲ್ಲಿ ಅವರನ್ನು ಕುಡಿಸಿ ಮಲಗಿಸಿ, ರಕ್ತ ಬಳಿದು, ಅಪವಾದ ಹೊರಿಸುವುದಷ್ಟೇ ಇತ್ತು. ಕೊಂದದ್ದು ಮ್ಯಾಕ್‌ಬೆತ್‌ನ ಸ್ವಂತ ನಿರ್ಧಾರ, ಅಲ್ಲಿಯೇ, ಆಗಲೇ. ಮುಂಚೆ ಸ್ವಗತವಿಲ್ಲ, ಆಮೇಲೆ ಕಂಪನವಿಲ್ಲ. ‘ಹಾಗೇಕೆ ಮಾಡಿದೆ?’ ಎಂದು ಮ್ಯಾಕ್‌ಡಫ್ ಕೇಳಿದಾಗ ರಾಜಭಕ್ತಿಯ ಚೆಂದದ ಭಾಷಣ ಹೊಡೆಯುತ್ತಾನೆ. ಆ ಹೊತ್ತಿಗೆ ಮಾತು ಆಗಲೇ ಮುಖವಾಡ.

ಬ್ಯಾಂಕೋ (3.3). ಯೋಚನೆ 3.1ರ ಒಂದು ಸ್ವಗತ. ಅದರ ಮುಂಚೆಯೇ ಉಪಚಾರದ ಮಾತಿನ ನಡುವೆ ಮೂರು ಪ್ರಶ್ನೆ ತೂರಿಸಿ ಮುಗಿಸಿದ್ದಾನೆ: ಮಧ್ಯಾಹ್ನ ಸವಾರಿ ಇದೆಯೇ, ದೂರವೇ, ಮಗ ಫ್ಲಿಯಾನ್ಸ್ ಜೊತೆಗೆ ಬರುತ್ತಾನೆಯೇ. ಕೈ ಬಾಡಿಗೆಯದು. ಮೊದಲು ಇಬ್ಬರು, 3.3ರಲ್ಲಿ ಮೂರನೆಯವನು. ಅವರನ್ನು ಒಪ್ಪಿಸಲು ಅವನು ಬಳಸುವ ಅಸ್ತ್ರ ಯಾವುದು ನೋಡಿ, ನೀವು ಗಂಡಸರೇ ಎಂಬುದು. 1.7ರಲ್ಲಿ ತನ್ನ ಮೇಲೆ ಬಿದ್ದ ಪೆಟ್ಟನ್ನೇ ಬೇರೆಯವರ ಮೇಲೆ ಹಾಕಲು ಕಲಿತಿದ್ದಾನೆ. ಹೆಂಡತಿಗೆ ಹೇಳಿಲ್ಲ. ಔತಣದಲ್ಲಿ ಬ್ಯಾಂಕೋಗೆ ವಿಶೇಷ ಮರ್ಯಾದೆ ಮಾಡು ಎಂದು 3.2ರಲ್ಲಿ ಅವಳಿಗೆ ಸೂಚಿಸುವ ಹೊತ್ತಿಗೆ ಕೊಲೆಗಾರರು ಹೊರಟಾಗಿದೆ! ಆಮೇಲಿನ ಭಾವನೆಯೂ ಬದಲಾಗಿದೆ. ಪ್ರೇತ ಕಂಡಾಗ ಆಗುವುದು ದಿಗಿಲು. ಪಶ್ಚಾತ್ತಾಪದ ಒಂದು ಸಾಲೂ ಇಲ್ಲ.

ಮ್ಯಾಕ್‌ಡಫ್‌ನ ಹೆಂಡತಿ, ಮಕ್ಕಳು (4.2). ಯೋಚನೆ ಇಲ್ಲವೇ ಇಲ್ಲ. ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿಹೋದ ಸುದ್ದಿ 4.1ರ ಕೊನೆಗೆ ಬರುತ್ತದೆ. ಮನಸ್ಸಿನ ಚೊಚ್ಚಲು ಇನ್ನು ಕೈಯ ಚೊಚ್ಚಲಾಗಲಿ ಎಂದು ಅಲ್ಲೇ ಅಪ್ಪಣೆ. ಲಾಭ ಸೊನ್ನೆ, ಏಕೆಂದರೆ ಬೇಕಾದವನು ಫೈಫ್ ಕೋಟೆಯಲ್ಲಿ ಇಲ್ಲ. ಮ್ಯಾಕ್‌ಬೆತ್ ಆ ಜಾಗಕ್ಕೂ ಹೋಗುವುದಿಲ್ಲ, ಆಮೇಲೆ ಅದರ ಬಗ್ಗೆ 5.8ರವರೆಗೆ ತುಟಿಪಿಟಕ್ಕೆನ್ನುವುದಿಲ್ಲ.

ಕೋಷ್ಟಕ ತುಂಬಿದ ಮೇಲೆ ಮೇಲಿಂದ ಕೆಳಗೆ ಓದಿ. ಯೋಚನೆ ಕರಗುತ್ತದೆ, ಕೈ ದೂರ ಸರಿಯುತ್ತದೆ, ಲಾಭ ಇಲ್ಲವಾಗುತ್ತದೆ, ಹೆಂಡತಿ ಹೊರಗುಳಿಯುತ್ತಾಳೆ. ಬಲಿಯಾದವರ ನಿರಪರಾಧ ಮಾತ್ರ ಕೊನೆಯ ಸಾಲಿನಲ್ಲಿ ಅತಿ ಹೆಚ್ಚು.

## ಹಂತ 4: ಎಂಜಿನ್ ಬದಲಾದ ಜಾಗ ಗುರುತಿಸಿ

ಮಹತ್ವಾಕಾಂಕ್ಷೆಯ ಕೆಲಸ ಎರಡನೇ ಅಂಕಕ್ಕೆ ಮುಗಿಯಿತು, ಕಿರೀಟ ಸಿಕ್ಕಿದೆ. 3.1ರಲ್ಲಿ ಅವನೇ ಹೇಳುತ್ತಾನೆ, ರಾಜನಾಗಿರುವುದು ದೊಡ್ಡದಲ್ಲ, ನಿರ್ಭಯವಾಗಿ ರಾಜನಾಗಿರಬೇಕು ಎಂದು. ಅಲ್ಲಿಂದಾಚೆ ಅವನನ್ನು ನಡೆಸುವುದು ಭಯ, ಅದರ ಜೊತೆಗೆ ಹೊಟ್ಟೆಯುರಿ: ತನ್ನ ಕೈಯಲ್ಲಿರುವುದು ಬಂಜೆ ರಾಜದಂಡ, ಬ್ಯಾಂಕೋನ ಮಕ್ಕಳಿಗಾಗಿ ನಾನು ಮನಸ್ಸು ಕೆಡಿಸಿಕೊಂಡೆನೇ ಎಂಬ ಕುದಿತ. ಇಡೀ ಉತ್ತರದುದ್ದಕ್ಕೂ ‘ಮಹತ್ವಾಕಾಂಕ್ಷೆಯಿಂದ’ ಎಂದೇ ಬರೆದಿದ್ದರೆ ನಿಮ್ಮ ಓದು ಎರಡನೇ ಅಂಕಕ್ಕೇ ನಿಂತಿದೆ ಎಂದರ್ಥ.

3.4ರ ಕೊನೆಗೆ ಮೂರನೇ ಎಂಜಿನ್ ಬರುತ್ತದೆ, ರೂಢಿ. ರಕ್ತದಲ್ಲಿ ಇಷ್ಟು ದೂರ ನಡೆದಿದ್ದೇನೆ, ಹಿಂತಿರುಗುವುದೂ ದಾಟುವಷ್ಟೇ ಬೇಸರದ ಕೆಲಸ ಎನ್ನುತ್ತಾನೆ. ಪಾಪ ಎನ್ನುವುದಿಲ್ಲ, ಬೇಸರ ಎನ್ನುತ್ತಾನೆ.

## ಹಂತ 5: ವಿಧಿಯ ವಾದವನ್ನು ಪರೀಕ್ಷೆಗೆ ಒಡ್ಡಿ

ನಮ್ಮಲ್ಲಿ ‘ಹಣೆಬರಹ’ ಎಂದು ಮುಗಿಸಿಬಿಡುವ ಸೆಳೆತ ಜಾಸ್ತಿ. ಎರಡು ಪರೀಕ್ಷೆ ಮಾಡಿ ನೋಡಿ.

ತನಗೆ ರಾಜಪಟ್ಟ ಎಂಬ ಭವಿಷ್ಯವನ್ನು ನಂಬುವ ಮ್ಯಾಕ್‌ಬೆತ್, ಬ್ಯಾಂಕೋನ ಸಂತಾನಕ್ಕೆ ಪಟ್ಟ ಎಂಬ ಭವಿಷ್ಯವನ್ನು ಕತ್ತಿಯಿಂದ ಅಳಿಸಲು ಹೊರಡುತ್ತಾನೆ. ಬಂದವರು ಅದೇ ಮಾಟಗಾತಿಯರು, ಹೇಳಿದ್ದು ಅದೇ ದಿನ. ತನಗೆ ಬೇಕಾದ್ದನ್ನಷ್ಟೇ ವಿಧಿಯೆಂದು ಆರಿಸಿಕೊಳ್ಳುತ್ತಿದ್ದಾನೆ. ಎರಡನೆಯದು 4.1ರಲ್ಲಿದೆ. ಹೆಣ್ಣಿನಿಂದ ಹುಟ್ಟಿದ ಯಾರೂ ನಿನಗೆ ಕೇಡು ಮಾಡಲಾರರು ಎಂದು ಕೇಳಿದ ಕೂಡಲೇ, ಹಾಗಾದರೆ ಮ್ಯಾಕ್‌ಡಫ್ ಬದುಕಿಕೊಳ್ಳಲಿ ಎನ್ನುತ್ತಾನೆ. ಮುಂದಿನ ಸಾಲಿನಲ್ಲೇ, ಇಲ್ಲ, ಭರವಸೆ ಇಮ್ಮಡಿಯಾಗಲಿ, ಅವನು ಸಾಯಲಿ ಎನ್ನುತ್ತಾನೆ. ಭವಿಷ್ಯ ಅಭಯ ಕೊಟ್ಟಾಗಲೂ ಕೊಲ್ಲುವವನನ್ನು ಭವಿಷ್ಯ ಕೊಲ್ಲಿಸಿತು ಎನ್ನಲಾಗದು.

(3.5ರಲ್ಲಿ ಮಾಟಗಾತಿಯರ ಒಡತಿ ಹೆಕಟಿ ಬರುವ ದೃಶ್ಯವನ್ನು ಪುರಾವೆಯಾಗಿ ಬಳಸದಿರುವುದು ಕ್ಷೇಮ. ಅದು ಷೇಕ್ಸ್‌ಪಿಯರ್‌ನದಲ್ಲ ಎಂಬುದು ಬಹಳಷ್ಟು ವಿದ್ವಾಂಸರ ಮತ.)

## ಹಂತ 6: ಹೆಂಡತಿಯ ರೇಖೆಯನ್ನು ಪಕ್ಕದಲ್ಲಿ ಎಳೆಯಿರಿ

ಒಂದು ಪ್ಯಾರಾ ಸಾಕು. 2.2ರಲ್ಲಿ ಅವನು, ಸಮುದ್ರದ ನೀರೆಲ್ಲ ಸುರಿದರೂ ಈ ಕೈ ತೊಳೆಯದು ಎನ್ನುತ್ತಾನೆ, ಅವಳು ಒಂದಿಷ್ಟು ನೀರು ಸಾಕು ಎನ್ನುತ್ತಾಳೆ. 5.1ರಲ್ಲಿ ನಿದ್ದೆಗಣ್ಣಲ್ಲಿ ಕೈ ಉಜ್ಜುತ್ತಿರುವುದು ಅವಳು. ಫೈಫ್‌ನ ಒಡೆಯನಿಗೊಬ್ಬ ಹೆಂಡತಿಯಿದ್ದಳು, ಈಗವಳೆಲ್ಲಿ ಎಂದು ಕೇಳುವುದೂ ಅವಳೇ. ಗಂಡ ಕಳೆದುಕೊಂಡ ಅಳುಕು ಅವಳಲ್ಲಿ ಹುಟ್ಟಿದೆ. ‘ಹೆಂಡತಿಯ ಮಾತು ಕೇಳಿ ಕೆಟ್ಟ’ ಎಂಬ ವಾಕ್ಯ ಡಂಕನ್‌ನ ಕೊಲೆಗೆ ಅರ್ಧ ಹೊಂದುತ್ತದೆ, ಉಳಿದ ಮೂರಕ್ಕೆ ಹೊಂದುವುದೇ ಇಲ್ಲ.

## ಹಂತ 7: ಐದನೇ ಅಂಕದಲ್ಲಿ ಉಳಿದಿರುವುದೇನು ನೋಡಿ

ಅವನು ಬರೀ ಕ್ರೂರಿಯಾಗಿ ಕೊನೆಗೊಂಡಿದ್ದರೆ ಇದು ದುರಂತವಾಗುತ್ತಿರಲಿಲ್ಲ. ಸಂವೇದನೆ ಸತ್ತಿದೆ: 5.5ರಲ್ಲಿ ಹೆಂಗಸರ ಕೂಗು ಕೇಳಿದರೂ ಮೈ ನಡುಗುವುದಿಲ್ಲ, ಭಯದ ರುಚಿಯೇ ಮರೆತುಹೋಗಿದೆ ಎನ್ನುತ್ತಾನೆ. ಹೆಂಡತಿ ಸತ್ತ ಸುದ್ದಿಗೆ ಅಳುವೂ ಬರುವುದಿಲ್ಲ, ಬದುಕು ಅರ್ಥವಿಲ್ಲದ ಗದ್ದಲ ಎಂಬ ಮಾತು ಬರುತ್ತದೆ. ಅರಿವು ಮಾತ್ರ ಹಾಗೇ ಇದೆ. 5.3ರಲ್ಲಿ ತಾನು ಕಳೆದುಕೊಂಡದ್ದನ್ನು ಪಟ್ಟಿ ಮಾಡುತ್ತಾನೆ: ಗೌರವ, ಪ್ರೀತಿ, ವಿಧೇಯತೆ, ಗೆಳೆಯರ ಬಳಗ. 5.8ರಲ್ಲಿ ಮ್ಯಾಕ್‌ಡಫ್ ಎದುರಾದಾಗ, ನಿನ್ನವರ ರಕ್ತದಿಂದ ನನ್ನ ಆತ್ಮ ಆಗಲೇ ಭಾರವಾಗಿದೆ, ಹಿಂದೆ ಸರಿ ಎನ್ನುತ್ತಾನೆ. ಕೋಷ್ಟಕದ ಕೊನೆಯ ಖಾಲಿ ಮನೆಗೆ ಈ ಸಾಲನ್ನು ತುಂಬಿ.

ಇಲ್ಲಿಯ ಒಂದು ಬಲೆ: ‘ಸತ್ತ ಕಟುಕ’ ಎಂಬುದು ಹೊಸ ರಾಜ ಮಾಲ್ಕಮ್‌ನ ಮಾತು, ತಂದೆಯನ್ನು ಕಳೆದುಕೊಂಡ ಮಗನ ಮಾತು. ಅದನ್ನು ನಾಟಕಕಾರನ ತೀರ್ಪೆಂದು ಬರೆಯಬೇಡಿ. ಮಾಲ್ಕಮ್ ಆ ಸ್ವಗತಗಳನ್ನು ಕೇಳಿಲ್ಲ, ನಾವು ಕೇಳಿದ್ದೇವೆ.

## ಹಂತ 8: ಬರವಣಿಗೆಗೆ ಇಳಿಸಿ

600 ಪದಗಳ ಉತ್ತರವಾದರೆ ಹೀಗೆ ಹಂಚಿಕೊಳ್ಳಿ: ಎತ್ತರಕ್ಕೆ 70, 1.7ಕ್ಕೆ 150, ನಾಲ್ಕು ಕೊಲೆಗಳಿಗೆ 200, ಭಯ ಮತ್ತು ವಿಧಿಗೆ 80, ಐದನೇ ಅಂಕಕ್ಕೆ 100. ಪೀಠಿಕೆಯಲ್ಲಿ ಕವಿಯ ಹುಟ್ಟೂರು, ಹುಟ್ಟಿದ ವರ್ಷ ಬೇಡ. ಅರಿಸ್ಟಾಟಲ್‌ಗೆ ಒಂದು ವಾಕ್ಯ ಮೀಸಲಿಡಿ. ಪೂರ್ತಿ ಒಳ್ಳೆಯವನೂ ಅಲ್ಲದ ಪೂರ್ತಿ ಕೆಟ್ಟವನೂ ಅಲ್ಲದ ನಾಯಕ ಎಂಬ ಅವನ ಮಾತು ಮ್ಯಾಕ್‌ಬೆತ್‌ಗೆ ಎಷ್ಟು ಸಲ್ಲುತ್ತದೆ ಎಂದು ಕೇಳಿ ಬಿಡಿ. ಪ್ರತಿ ಪ್ಯಾರಾದಲ್ಲೂ ಒಂದು ದೃಶ್ಯಸಂಖ್ಯೆ, ಒಂದು ಚಿಕ್ಕ ಉಲ್ಲೇಖ ಇರಲಿ, ನಾಲ್ಕು ಸಾಲಿಗಿಂತ ಉದ್ದದ್ದು ಬೇಡ.

ಪ್ರತಿಮೆಗಳ ಬಗ್ಗೆ ಬರೆಯುವ ಆಸೆಯಿದ್ದರೆ ಒಂದೇ ಸರಣಿ ಹಿಡಿಯಿರಿ. ನಿದ್ದೆಯನ್ನು ಹಿಡಿದರೆ ಜಾಡು ಸಲೀಸು: 2.2ರ ಕೊಂದ ನಿದ್ದೆ, 3.2ರ ದುಃಸ್ವಪ್ನ, 3.4ರಲ್ಲಿ ನಿನಗೆ ನಿದ್ದೆಯ ಕೊರತೆ ಎಂಬ ಹೆಂಡತಿಯ ಮಾತು, 5.1. ರಕ್ತ, ಬಟ್ಟೆ, ಕತ್ತಲೆ, ಹಕ್ಕಿ ಎಲ್ಲವನ್ನೂ ಒಂದೇ ಪ್ಯಾರಾಕ್ಕೆ ತುರುಕಿದರೆ ಯಾವುದೂ ನಿಲ್ಲುವುದಿಲ್ಲ.

ತುಲನೆ ಕೇಳಿದರೆ ರನ್ನನ ದುರ್ಯೋಧನ ತಕ್ಕ ಜೋಡಿ. ಆದರೆ ಇಬ್ಬರೂ ಛಲದವರು ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಹೆಣಗಳ ನಡುವೆ ನಡೆಯುವ ದುರ್ಯೋಧನ ಕರ್ಣನಿಗಾಗಿ, ದುಶ್ಶಾಸನನಿಗಾಗಿ ಗೋಳಾಡುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಸಾವಿಗೂ ಕೈಮುಗಿಯುತ್ತಾನೆ. ಸೋಲು ಹತ್ತಿರವಾದಂತೆ ಅವನ ಎದೆ ಹಿಗ್ಗುತ್ತದೆ, ಮ್ಯಾಕ್‌ಬೆತ್‌ನದು ಕುಗ್ಗುತ್ತದೆ.

ಒಪ್ಪಿಸುವ ಮುನ್ನ ಹೀಗೊಮ್ಮೆ ಪರೀಕ್ಷಿಸಿ. ಉತ್ತರದಲ್ಲಿ ಮ್ಯಾಕ್‌ಬೆತ್ ಎಂದಿರುವಲ್ಲೆಲ್ಲ ಮೂರನೇ ರಿಚರ್ಡ್ ಎಂದು ಓದಿ. ಷೇಕ್ಸ್‌ಪಿಯರ್‌ನ ಇನ್ನೊಂದು ನಾಟಕದ ನಾಯಕನಾದ ಈ ರಿಚರ್ಡ್ ಮೊದಲ ಸ್ವಗತದಲ್ಲೇ ತಾನು ಖಳನಾಗುತ್ತೇನೆಂದು ಘೋಷಿಸಿ ಹೊರಟವನು. ನಿಮ್ಮ ವಾಕ್ಯಗಳು ಅವನಿಗೂ ಅಷ್ಟೇ ಸಲೀಸಾಗಿ ಹೊಂದಿದರೆ ಎರಡನೇ ಹಂತಕ್ಕೆ ಹಿಂತಿರುಗಿ, 1.7ರ ಪ್ಯಾರಾವನ್ನು ಮತ್ತೆ ಬರೆಯಿರಿ.